ಅಡ್ಡಪಟ್ಟಿಯ ಬ್ಲೈಂಡ್ಸ್ ಅಳವಡಿಕೆ: ಅಳತೆ, ಮಟ್ಟ ಮತ್ತು ಭಾರದ ಲೆಕ್ಕ

ಕಿಟಕಿಗೆ ಅಡ್ಡಪಟ್ಟಿಯ ಬ್ಲೈಂಡ್ಸ್ ಕೂರಿಸುವ ಕೆಲಸದಲ್ಲಿ ಡ್ರಿಲ್ ಓಡುವ ಹೊತ್ತು ಬಹಳ ಕಡಿಮೆ. ಅಳೆಯುವುದಕ್ಕೂ ಗುರುತು ಹಾಕುವುದಕ್ಕೂ ಹಿಡಿಯುವ ಹೊತ್ತೇ ಹೆಚ್ಚು. ಈ ಟಿಪ್ಪಣಿಯನ್ನು ಓದುವವರು ಒಂದು ವಿಷಯವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪಟ್ಟಿಗಳೆಲ್ಲ ತೂಗುಬೀಳುವ ಮೇಲಿನ ಪೆಟ್ಟಿಗೆಯನ್ನು, ಅಂದರೆ ಹೆಡ್‌ರೈಲನ್ನು, ರಸಮಟ್ಟ (ದ್ರವದೊಳಗಿನ ಗುಳ್ಳೆಯಿಂದ ಮಟ್ಟ ನೋಡುವ ಸಾಧನ) ತೋರಿಸುವ ಮಟ್ಟಕ್ಕೆ ಕೂರಿಸಬೇಕೇ ಹೊರತು ಕಿಟಕಿಯ ಚೌಕಟ್ಟಿನ ಅಂಚಿಗೆ ಹೊಂದಿಸಿ ಅಲ್ಲ. ಎರಡೂ ಒಂದೇ ಎಂದು ನಮಗೆ ತೋರಬಹುದು, ಆದರೆ ಕಟ್ಟಡದ ಕಿಟಕಿಗಳು ನೂರಕ್ಕೆ ನೂರು ಮೂಲೆಮಟ್ಟಕ್ಕೆ ಇರುವುದು ಅಪರೂಪ. ಹೆಡ್‌ರೈಲ್ ಮಟ್ಟದಲ್ಲಿದ್ದರೆ ಉಳಿದ ಎಷ್ಟೋ ಸಣ್ಣ ಕೊರತೆಗಳನ್ನು ಸರಿಪಡಿಸಿಕೊಳ್ಳಬಹುದು. ಅದೇ ಓರೆಯಾದರೆ ಬೇರೆ ಯಾವ ಉಪಾಯವೂ ಫಲ ಕೊಡುವುದಿಲ್ಲ.

ಇದಕ್ಕೆ ಕಾರಣ ಬ್ಲೈಂಡ್ಸ್‌ನ ರಚನೆಯಲ್ಲಿಯೇ ಇದೆ. ಪ್ರತಿ ಪಟ್ಟಿಯೂ ಹಗ್ಗದ ಏಣಿಯಂತಿರುವ ದಾರದ ಒಂದೊಂದು ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿರುತ್ತದೆ. ಅದನ್ನು ಅಂಟಿಸಿಯೂ ಇರುವುದಿಲ್ಲ, ಕಟ್ಟಿಯೂ ಇರುವುದಿಲ್ಲ. ಈ ಏಣಿದಾರದ ಮುಂದಿನ ಮತ್ತು ಹಿಂದಿನ ಎರಡು ಎಳೆಗಳು ಹೆಡ್‌ರೈಲಿನೊಳಗಿನ ಸಣ್ಣ ಉರುಳೆಗೆ ಸುತ್ತಿಕೊಂಡಿರುತ್ತವೆ. ಪಕ್ಕದಲ್ಲಿ ನೇತಾಡುವ ಕೋಲನ್ನು ತಿರುಗಿಸಿದಾಗ ಹೆಡ್‌ರೈಲಿನ ಉದ್ದಕ್ಕೂ ಇರುವ ಸರಳು ತಿರುಗಿ, ಒಂದು ಎಳೆ ಮೇಲೇರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಆಗ ಎಲ್ಲ ಪಟ್ಟಿಗಳೂ ಒಟ್ಟಿಗೆ ಹೊರಳುತ್ತವೆ. ಎತ್ತುವ ದಾರದ ಕೆಲಸವೇ ಬೇರೆ. ಅದು ಪಟ್ಟಿಗಳ ರಂಧ್ರಗಳ ಮೂಲಕ ಹಾದು ತಳದ ಪಟ್ಟಿಗೆ ಗಂಟು ಹಾಕಿಕೊಂಡಿರುತ್ತದೆ, ಮೇಲೆ ಹೋಗಿ ಹೆಡ್‌ರೈಲಿನ ತುದಿಯ ಬೀಗದ ಮೂಲಕ ಹೊರಬರುತ್ತದೆ. ಎರಡೂ ದಾರಗಳು ನೆಲದ ಕಡೆಗೆ ನೇರವಾಗಿ ಇಳಿಯುವುದರಿಂದ, ಹೆಡ್‌ರೈಲ್ ಓರೆಯಾದರೆ ಪಟ್ಟಿಗಳೂ ಅದೇ ಓರೆಯಲ್ಲಿ ಕುಳಿತು ತಗ್ಗಿನ ಬದಿಗೆ ಜಾರುತ್ತವೆ, ರಂಧ್ರದ ಅಂಚು ಎತ್ತುವ ದಾರಕ್ಕೆ ಉಜ್ಜತೊಡಗುತ್ತದೆ, ದಾರ ಕ್ರಮೇಣ ಸವೆಯುತ್ತದೆ. 1200 ಮಿಲಿಮೀಟರ್ ಅಗಲದ ಹೆಡ್‌ರೈಲಿನ ಒಂದು ತುದಿ 6 ಮಿಲಿಮೀಟರ್ ತಗ್ಗಿದ್ದರೆ, ಅದೇ 6 ಮಿಲಿಮೀಟರ್ ಕಿಟಕಿಯ ಕೆಳಹಲಗೆಯ ಬಳಿ ಬೆಣೆಯಾಕಾರದ ಬೆಳಕಿನ ಸಂದಾಗಿ ಎದ್ದು ಕಾಣುತ್ತದೆ.

ಒಳಗೋ, ಹೊರಗೋ

ಅಳತೆ ತೆಗೆಯುವ ಮೊದಲು ಬ್ಲೈಂಡ್ಸ್ ಕಿಟಕಿಯ ಗೂಡಿನ ಒಳಗೆ ಕೂರಬೇಕೋ, ಗೂಡಿನ ಹೊರಗೆ ಕೋಣೆಯ ಗೋಡೆಯ ಮೇಲೆ ಕೂರಬೇಕೋ ಎಂಬುದನ್ನು ನಿರ್ಧರಿಸಬೇಕು, ಏಕೆಂದರೆ ಎರಡಕ್ಕೂ ಅಳೆಯುವ ರೀತಿಯೇ ಬೇರೆ. ಒಳಗೆ ಕೂರಿಸಿದರೆ ನೋಟ ಅಚ್ಚುಕಟ್ಟಾಗಿರುತ್ತದೆ, ಆದರೆ ಗೂಡಿಗೆ ಸಾಕಷ್ಟು ಆಳ ಇರಬೇಕು. 50 ಮಿಲಿಮೀಟರ್ ಅಗಲದ ಪಟ್ಟಿಗಳು ಅಡ್ಡಲಾಗಿ ತೆರೆದು ನಿಂತಾಗ ಗಾಜಿನ ಕಡೆಗೂ ಕೋಣೆಯ ಕಡೆಗೂ ಚಾಚುತ್ತವೆ. ಕಿಟಕಿಯ ಹಿಡಿ ಅಥವಾ ಚಿಲಕ ಅಲ್ಲಿಯೇ ಇದ್ದರೆ ಪಟ್ಟಿಗಳು ಅದಕ್ಕೆ ತಾಗಿ ಗೀರು ಬೀಳುತ್ತವೆ. ಆದುದರಿಂದ ಆಳವನ್ನು ಗೋಡೆಯ ಅಂಚಿನಿಂದ ಗಾಜಿನವರೆಗೆ ಅಳೆದರೆ ಸಾಲದು. ಗೂಡಿನೊಳಗೆ ಅತಿ ಹೆಚ್ಚು ಮುಂದಕ್ಕೆ ಚಾಚಿರುವ ವಸ್ತು ಯಾವುದೋ ಅಲ್ಲಿಯವರೆಗೆ ಅಳೆಯಬೇಕು. ಬಾಗಿಲು ಒಳಕ್ಕೆ ತೆರೆದುಕೊಳ್ಳುವ ಕಿಟಕಿಗಳಿಗೆ ಗೂಡಿನೊಳಗಿನ ಅಳವಡಿಕೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಕಿಟಕಿ ತೆರೆಯುವಾಗಲೆಲ್ಲ ಬ್ಲೈಂಡ್ಸ್ ಪೂರ್ತಿ ಮೇಲಕ್ಕೆ ಎತ್ತಬೇಕಾಗುತ್ತದೆ, ಎತ್ತಿದ ಮೇಲೂ ಪಟ್ಟಿಗಳ ರಾಶಿ ಬಾಗಿಲಿನ ಮೇಲಂಚಿಗೆ ಅಡ್ಡ ಬರುತ್ತದೆ.

ಒಳ ಅಳವಡಿಕೆಗೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಕಡಿಮೆಯಾದುದನ್ನು ಹಿಡಿಯಬೇಕು. ಮೂರು ಅಳತೆಗಳು 1204, 1201 ಮತ್ತು 1198 ಮಿಲಿಮೀಟರ್ ಬಂದರೆ ನಮ್ಮ ಲೆಕ್ಕಕ್ಕೆ 1198 ಮಾತ್ರ ಉಳಿಯುತ್ತದೆ. ಎರಡು ಬದಿಯಲ್ಲೂ ಪಟ್ಟಿಗಳು ಗೋಡೆಗೆ ಉಜ್ಜದಂತೆ ಒಟ್ಟಾರೆ ಸುಮಾರು 10 ಮಿಲಿಮೀಟರ್ ಸಂದು ಬೇಕು. ಇಲ್ಲಿ ಕಲಿಯುವವರು ಎಡವುವ ಒಂದು ಜಾಗವಿದೆ. ಅಳತೆಗೆ ತಕ್ಕಂತೆ ಮಾಡಿಸುವಾಗ ತಯಾರಕರು ‘ಕಿಟಕಿಯ ತೆರಪಿನ ಅಳತೆ’ ಕೇಳಿದರೆ ಈ ಸಂದನ್ನು ಅವರೇ ಕಳೆಯುತ್ತಾರೆ. ‘ಬ್ಲೈಂಡ್ಸ್‌ನ ಅಳತೆ’ ಕೇಳಿದರೆ ನಾವು ಕಳೆದು ಕೊಡಬೇಕು. ಇಬ್ಬರೂ ಕಳೆದರೆ ಬದಿಗಳಲ್ಲಿ ಬೆಳಕು ಸೋರುತ್ತದೆ, ಇಬ್ಬರೂ ಕಳೆಯದಿದ್ದರೆ ಬ್ಲೈಂಡ್ಸ್ ಗೂಡಿನೊಳಕ್ಕೇ ಹೋಗುವುದಿಲ್ಲ. ಹಾಗಾಗಿ ಯಾವ ಅಳತೆ ಕೊಡುತ್ತಿದ್ದೇವೆ ಎಂಬುದನ್ನು ಅಂಕಿಯ ಪಕ್ಕದಲ್ಲಿಯೇ ಬರೆಯುವುದು ಕ್ಷೇಮ.

ಎತ್ತರವನ್ನೂ ಎಡ, ನಡು, ಬಲ ಎಂದು ಮೂರು ಕಡೆ ಅಳೆಯಬೇಕು. ಅಡ್ಡಪಟ್ಟಿಯ ಬ್ಲೈಂಡ್ಸ್‌ಗೆ ಸಾಮಾನ್ಯವಾಗಿ ಅತಿ ಹೆಚ್ಚಿನದನ್ನು ಹಿಡಿಯುತ್ತಾರೆ, ಏಕೆಂದರೆ ಹೆಚ್ಚಾದ ಪಟ್ಟಿಗಳನ್ನು ಆಮೇಲೆ ತೆಗೆಯಬಹುದು, ಕಡಿಮೆಯಾದುದನ್ನು ಸೇರಿಸುವುದು ಕಷ್ಟ. ಕೆಲವು ತಯಾರಕರು ಅತಿ ಕಡಿಮೆಯದನ್ನೇ ಕೇಳುವುದುಂಟು. ಅವರ ಸೂಚನೆಗೆ ಬದ್ಧರಾಗಿರುವುದು ಸರಿ. ಇದಲ್ಲದೆ ಒಂದು ಮೂಲೆಯಿಂದ ಎದುರು ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಬೇಕು. ಎರಡೂ ಸಮವಾಗಿದ್ದರೆ ಗೂಡು ಮೂಲೆಮಟ್ಟದಲ್ಲಿದೆ ಎಂದು ನಂಬಬಹುದು. ಹತ್ತು ಹನ್ನೆರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಒಳಗಿನ ಅಳವಡಿಕೆಯನ್ನು ಕೈಬಿಟ್ಟು ಹೊರಗೆ ಕೂರಿಸುವುದೇ ವಿವೇಕ, ಏಕೆಂದರೆ ಹೊರಗಿನ ಬ್ಲೈಂಡ್ಸ್ ಗೂಡಿನ ಓರೆಯನ್ನು ಮರೆಮಾಡುತ್ತದೆ.

ಹೊರ ಅಳವಡಿಕೆಯಲ್ಲಿ ತೆರಪಿನ ಎರಡು ಬದಿಗೂ 5ರಿಂದ 8 ಸೆಂಟಿಮೀಟರ್ ಹೆಚ್ಚುವರಿ ಅಗಲ ಇಟ್ಟುಕೊಂಡರೆ ಬೆಳಕು ಅಷ್ಟಾಗಿ ಒಳನುಸುಳುವುದಿಲ್ಲ. ಮೇಲ್ಗಡೆ ಎಷ್ಟು ಬಿಡಬೇಕು ಎಂಬುದಕ್ಕೆ ಪಟ್ಟಿಗಳ ರಾಶಿಯ ಲೆಕ್ಕ ಬೇಕು. 50 ಮಿಲಿಮೀಟರ್ ಪಟ್ಟಿಗಳ ನಡುವಿನ ಅಂತರ ಹೆಚ್ಚುಕಡಿಮೆ 43 ಮಿಲಿಮೀಟರ್ ಎಂದಿಟ್ಟುಕೊಂಡರೆ 1500 ಮಿಲಿಮೀಟರ್ ಎತ್ತರಕ್ಕೆ ಸುಮಾರು 35 ಪಟ್ಟಿಗಳು ಬೇಕು. ಮರದ ಪಟ್ಟಿಯ ದಪ್ಪ 3 ಮಿಲಿಮೀಟರ್ ಆದರೆ ಮೇಲೆತ್ತಿದಾಗ ಪಟ್ಟಿಗಳೇ 105 ಮಿಲಿಮೀಟರ್ ಆಗುತ್ತವೆ. ಅದಕ್ಕೆ ಹೆಡ್‌ರೈಲ್ ಮತ್ತು ತಳದ ಪಟ್ಟಿ ಸೇರಿದರೆ ಒಟ್ಟು 17 ಸೆಂಟಿಮೀಟರಿನ ಆಸುಪಾಸು. ಅಷ್ಟು ಎತ್ತರ ಕಿಟಕಿಯ ಮೇಲೆ ಸಿಕ್ಕರೆ ಬ್ಲೈಂಡ್ಸ್ ಎತ್ತಿದಾಗ ಗಾಜು ಪೂರ್ತಿ ತೆರೆದಿರುತ್ತದೆ. ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳ ರಾಶಿ ಇದಕ್ಕಿಂತ ಬಹಳ ಚಿಕ್ಕದು. ನೀರಿನ ಆವಿ ಹೆಚ್ಚಿರುವ ಅಡುಗೆಮನೆ, ಬಚ್ಚಲುಮನೆಗಳಿಗೂ ಅಲ್ಯೂಮಿನಿಯಂ ಅಥವಾ ಪಿವಿಸಿ ಒಪ್ಪುತ್ತದೆ. ಅಲ್ಲಿ ನಿಜವಾದ ಮರ ಡೊಂಕಾಗುತ್ತದೆ.

ಗುರುತು ಮತ್ತು ರಂಧ್ರ

ಹೆಡ್‌ರೈಲನ್ನು ಹಿಡಿಯುವ ಬ್ರಾಕೆಟ್‌ಗಳಲ್ಲಿ ಸಾಮಾನ್ಯವಾದುದು ಪೆಟ್ಟಿಗೆಯಾಕಾರದ್ದು. ಎಡಕ್ಕೊಂದು, ಬಲಕ್ಕೊಂದು, ಮುಂದೆ ತೆರೆದು ಮುಚ್ಚುವ ಸಣ್ಣ ಬಾಗಿಲು. ಎಡದ್ದನ್ನು ಬಲಕ್ಕೆ ಹಾಕಿದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಆದ್ದರಿಂದ ಮೊದಲು ಕೈಯಲ್ಲಿಯೇ ಹೆಡ್‌ರೈಲಿನ ತುದಿಗೆ ತೊಡಿಸಿ ನೋಡಬೇಕು. ಅಗಲವಾದ ಬ್ಲೈಂಡ್ಸ್‌ಗೆ ನಡುವಿನ ಆಧಾರದ ಬ್ರಾಕೆಟನ್ನೂ ಕೊಟ್ಟಿರುತ್ತಾರೆ. ಅದನ್ನು ಹೆಚ್ಚುವರಿ ಸಾಮಾನು ಎಂದು ಬದಿಗಿಡಬಾರದು, ಏಕೆಂದರೆ ಅದಿಲ್ಲದೆ ಹೆಡ್‌ರೈಲ್ ನಡುವೆ ಬಾಗಿ ಒಳಗಿನ ಸರಳು ಬಿಗಿಯುತ್ತದೆ. ಈ ನಡುಬ್ರಾಕೆಟ್ ಏಣಿದಾರದ ಉರುಳೆಗಳಿಗೆ ನೇರ ಎದುರಾಗಿ ಬರದಂತೆ ಸ್ವಲ್ಪ ಪಕ್ಕಕ್ಕೆ ಸರಿಸಬೇಕು.

ಗುರುತು ಹಾಕುವ ಮೊದಲು ರಸಮಟ್ಟವನ್ನೇ ಪರೀಕ್ಷಿಸುವುದು ಒಳ್ಳೆಯದು. ಅದನ್ನು ಒಂದು ಹಲಗೆಯ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿದೆ ಎಂದು ನೋಡಿ, ಅದೇ ಜಾಗದಲ್ಲಿ ತುದಿಗೆ ತುದಿ ತಿರುಗಿಸಿ ಇಡಬೇಕು. ಗುಳ್ಳೆ ಮತ್ತೆ ಅದೇ ಕಡೆಗೆ ಅಷ್ಟೇ ಸರಿದಿದ್ದರೆ ಓರೆ ಇರುವುದು ಹಲಗೆಯಲ್ಲಿ. ಎದುರು ಬದಿಗೆ ಸರಿದರೆ ದೋಷ ಸಾಧನದಲ್ಲಿದೆ. ಆಮೇಲೆ ಒಂದು ಬದಿಯ ಬ್ರಾಕೆಟಿನ ರಂಧ್ರಗಳನ್ನು ಪೆನ್ಸಿಲಿನಿಂದ ಗುರುತಿಸಿ, ಅಲ್ಲಿಂದ ರಸಮಟ್ಟದ ಸಹಾಯದಿಂದ ಇನ್ನೊಂದು ಬದಿಗೆ ಗೆರೆ ಎಳೆಯಬೇಕು. ಎರಡನೆಯ ಬದಿಯನ್ನು ಛಾವಣಿಯಿಂದಲೋ ಚೌಕಟ್ಟಿನಿಂದಲೋ ಟೇಪು ಹಿಡಿದು ಅಳೆದು ಗುರುತಿಸಿದರೆ, ಆ ಛಾವಣಿಯ ಅಥವಾ ಚೌಕಟ್ಟಿನ ಓರೆ ನಮ್ಮ ಹೆಡ್‌ರೈಲಿಗೂ ಬಂದುಬಿಡುತ್ತದೆ. ಗೂಡಿನ ಮೇಲ್ಭಾಗವೇ ಓರೆಯಾಗಿದ್ದು ಬ್ರಾಕೆಟನ್ನು ಅದಕ್ಕೇ ಬಿಗಿಯಬೇಕಾಗಿದ್ದರೆ, ಎತ್ತರವಿರುವ ಕಡೆಯ ಬ್ರಾಕೆಟ್ ಮತ್ತು ಗೂಡಿನ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತೆಳು ತುಂಡನ್ನು ಇಟ್ಟು ಮಟ್ಟ ತರಬೇಕು. ರಟ್ಟಿನ ತುಂಡು ಕಾಲಕ್ರಮೇಣ ಒತ್ತಿ ಚಪ್ಪಟೆಯಾಗುವುದರಿಂದ ಅದನ್ನು ಬಳಸಬಾರದು.

ಮರದ ಚೌಕಟ್ಟಿನಲ್ಲಿ ಕೆಲಸ ಸುಲಭ: ಸ್ಕ್ರೂವಿನ ಒಳದಂಡಿಗಿಂತ (ಸುರುಳಿ ಏಣುಗಳನ್ನು ಬಿಟ್ಟ ನಡುಭಾಗ) ತುಸು ಸಣ್ಣ ರಂಧ್ರ ಕೊರೆದು ನೇರವಾಗಿ ಬಿಗಿದರಾಯಿತು, ಮುಂಗೊರೆತ ಇಲ್ಲದೆ ಅಂಚಿನ ಹತ್ತಿರ ಬಿಗಿದರೆ ಮರ ಸೀಳುತ್ತದೆ. ಇಟ್ಟಿಗೆ ಮತ್ತು ಕಾಂಕ್ರೀಟಿಗೆ ಹ್ಯಾಮರ್ ಡ್ರಿಲ್ ಮತ್ತು ರಾಲ್ ಪ್ಲಗ್ (ಸ್ಕ್ರೂವನ್ನು ಹಿಡಿಯಲು ರಂಧ್ರದೊಳಗೆ ತೂರಿಸುವ ಪ್ಲಾಸ್ಟಿಕ್ ಕೊಳವೆ) ಬೇಕು. 6 ಮಿಲಿಮೀಟರ್ ಪ್ಲಗ್ಗಿಗೆ 6 ಮಿಲಿಮೀಟರಿನ ಡ್ರಿಲ್ ಬಿಟ್ (ಕೊರೆಯುವ ಮೊನೆ) ಸರಿ. ರಂಧ್ರ ಪ್ಲಗ್ಗಿಗಿಂತ 5ರಿಂದ 10 ಮಿಲಿಮೀಟರ್ ಹೆಚ್ಚು ಆಳವಿರಲೆಂದು ಬಿಟ್ಟಿನ ಮೇಲೆ ಆ ಅಳತೆಗೆ ಟೇಪು ಸುತ್ತಿಕೊಳ್ಳಬಹುದು. ಕೊರೆದ ಮೇಲೆ ಒಳಗಿನ ಪುಡಿಯನ್ನು ಪೂರ್ತಿ ತೆಗೆಯದಿದ್ದರೆ ಪ್ಲಗ್ ಪುಡಿಯ ಮೇಲೆ ಕುಳಿತು ಹಿಡಿತ ಕಳೆದುಕೊಳ್ಳುತ್ತದೆ. ಗಾರೆಯ ಪದರದಲ್ಲಿಯೇ ನಿಂತುಬಿಡುವ ಚಿಕ್ಕ ಪ್ಲಗ್ಗಿನ ಮೇಲೆ ಭಾರ ಹಾಕುವುದು ತರವಲ್ಲ. ಅದು ಹಿಂದಿರುವ ಇಟ್ಟಿಗೆಯನ್ನೋ ಕಾಂಕ್ರೀಟನ್ನೋ ಮುಟ್ಟಲೇಬೇಕು. ಕಿಟಕಿಯ ಮೇಲಿನ ಲಿಂಟಲ್ ಕಾಂಕ್ರೀಟಿನದಾಗಿದ್ದರೆ ಬಿಟ್ ಕಬ್ಬಿಣದ ಸರಳಿಗೆ ತಾಗಿ ನಿಲ್ಲಬಹುದು. ಆಗ ಒತ್ತಿ ಕೊರೆಯಲು ಹೋಗದೆ, ಬ್ರಾಕೆಟಿನ ಇನ್ನೊಂದು ರಂಧ್ರವನ್ನು ಬಳಸಬೇಕು ಅಥವಾ ಎರಡೂ ಬ್ರಾಕೆಟುಗಳನ್ನು ಅದೇ ಮಟ್ಟದಲ್ಲಿ ತುಸು ಸರಿಸಬೇಕು. ಟೈಲ್ಸ್ ಇರುವಲ್ಲಿ, ಟೈಲ್ ದಾಟುವವರೆಗೆ ಹ್ಯಾಮರ್ ಕ್ರಿಯೆಯನ್ನು ನಿಲ್ಲಿಸಿಯೇ ಕೊರೆಯಬೇಕು. ಜಿಪ್ಸಮ್ ಹಲಗೆಯ ಪೊಳ್ಳು ಗೋಡೆಗೆ ಸಾಮಾನ್ಯ ಪ್ಲಗ್ ನಿಲ್ಲುವುದಿಲ್ಲ; ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಬಗೆಯದು ಬೇಕು. ಯುಪಿವಿಸಿ ಮತ್ತು ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಗಾಜು ಹಿಡಿದಿರುವ ಭಾಗಕ್ಕೂ ನೀರು ಹರಿದುಹೋಗುವ ಒಳಕಾಲುವೆಗೂ ರಂಧ್ರ ಹಾಕಬಾರದು. ಎಲ್ಲಕ್ಕೂ ಮೊದಲು ಗೋಡೆಯೊಳಗಿನ ವಿದ್ಯುತ್ ತಂತಿಯ ಜಾಡನ್ನು ತಂತಿಶೋಧಕದಿಂದ ನೋಡಿಕೊಳ್ಳಬೇಕು.

ಬ್ರಾಕೆಟನ್ನು ಮೇಲ್ಭಾಗಕ್ಕೆ ಬಿಗಿಯುವುದಕ್ಕೂ ಎದುರಿನ ಗೋಡೆಗೆ ಬಿಗಿಯುವುದಕ್ಕೂ ಇರುವ ವ್ಯತ್ಯಾಸವನ್ನು ಕಲಿಯುವವರು ಗಮನಿಸಬೇಕು. ಮೇಲ್ಭಾಗದಲ್ಲಿ ಬ್ಲೈಂಡ್ಸ್‌ನ ಇಡೀ ಭಾರ ಸ್ಕ್ರೂವನ್ನು ರಂಧ್ರದಿಂದ ಹೊರಕ್ಕೆ ಎಳೆಯುತ್ತದೆ. ಎದುರು ಗೋಡೆಯಲ್ಲಿ ಅದೇ ಭಾರ ಹೆಚ್ಚಾಗಿ ಸ್ಕ್ರೂವಿಗೆ ಅಡ್ಡಲಾಗಿ ಬೀಳುತ್ತದೆ, ಅದನ್ನು ಸ್ಕ್ರೂ ಸುಲಭವಾಗಿ ತಡೆಯುತ್ತದೆ. ಮರದ ಅಗಲ ಪಟ್ಟಿಗಳ ಭಾರವಾದ ಬ್ಲೈಂಡ್ಸ್‌ಗೆ ಅವಕಾಶವಿದ್ದಲ್ಲೆಲ್ಲ ನಾನು ಎದುರು ಬಿಗಿತವನ್ನೇ ಆರಿಸುತ್ತೇನೆ.

ಏರಿಸುವುದು, ಚಿಕ್ಕದು ಮಾಡುವುದು

ಮುಂದಿನ ಅಲಂಕಾರಪಟ್ಟಿ ಇದ್ದರೆ ಅದರ ಕ್ಲಿಪ್ಪುಗಳನ್ನು ಹೆಡ್‌ರೈಲಿಗೆ ಮೊದಲೇ ಸಿಕ್ಕಿಸಿಕೊಳ್ಳಬೇಕು, ಏಕೆಂದರೆ ಬ್ರಾಕೆಟಿನ ಬಾಗಿಲು ಮುಚ್ಚಿದ ಮೇಲೆ ಅದಕ್ಕೆ ಜಾಗವಿರುವುದಿಲ್ಲ. ಹೆಡ್‌ರೈಲನ್ನು ಬ್ರಾಕೆಟಿನೊಳಗೆ ಕೂರಿಸಿ, ಎರಡೂ ಬಾಗಿಲುಗಳನ್ನು ಕ್ಲಿಕ್ ಎನ್ನುವವರೆಗೆ ಒತ್ತಿ, ಬ್ಲೈಂಡ್ಸ್ ಇಳಿಸಿ, ಕೋಲು ತಿರುಗಿಸಿ ಎರಡೂ ದಿಕ್ಕಿಗೆ ಪಟ್ಟಿಗಳು ಮುಚ್ಚುತ್ತವೆಯೇ ಎಂದು ನೋಡಬೇಕು. ಪಟ್ಟಿಯ ಹೊರಗಿನ ಅಂಚು ಕೆಳಗೆ, ಕೋಣೆಯ ಕಡೆಯ ಅಂಚು ಮೇಲೆ ಇರುವಂತೆ ಓರೆ ಮಾಡಿದರೆ ಎತ್ತರದ ಬಿಸಿಲು ತಡೆಯುತ್ತದೆ, ಕೆಳಗಿನ ರಸ್ತೆಯಿಂದ ನೋಡುವವರಿಗೆ ಛಾವಣಿಯಷ್ಟೇ ಕಾಣುತ್ತದೆ. ತದ್ವಿರುದ್ಧವಾಗಿ ಓರೆ ಮಾಡಿದರೆ ಬಿಸಿಲಿನ ಕಿರಣ ಪಟ್ಟಿಗಳ ನಡುವೆ ಜಾರಿ ನೆಲದ ಮೇಲೆ ಬೀಳುತ್ತದೆ.

ಉದ್ದ ಹೆಚ್ಚಾಗಿದ್ದರೆ ತಳದ ಪಟ್ಟಿಯ ಕೆಳಗಿನ ಸಣ್ಣ ಮುಚ್ಚಳಗಳನ್ನು ಕಿತ್ತು, ಎತ್ತುವ ದಾರದ ಗಂಟು ಬಿಚ್ಚಿ, ದಾರವನ್ನು ತೆಗೆಯಬೇಕಾದ ಪಟ್ಟಿಗಳಿಂದ ಮಾತ್ರ ಮೇಲಕ್ಕೆ ಎಳೆದುಕೊಳ್ಳಬೇಕು. ಆ ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ ತೆಗೆದು, ತಳದ ಪಟ್ಟಿಯನ್ನು ಹೊಸ ಜಾಗದ ಮೆಟ್ಟಿಲಲ್ಲಿ ಕೂರಿಸಿ, ಎತ್ತುವ ದಾರವನ್ನು ಮತ್ತೆ ಪೋಣಿಸಿ ಗಂಟು ಹಾಕಬೇಕು. ಏಣಿದಾರದ ಹೆಚ್ಚುವರಿ ಭಾಗವನ್ನು ಕತ್ತರಿಸುವುದು ಕೊನೆಗೆ. ತಳದ ಪಟ್ಟಿಯೊಳಗೆ ಸೇರಿಸಿ ಮುಚ್ಚಳ ಒತ್ತುವಷ್ಟು ತುದಿ ಉಳಿದಿರಬೇಕು. ಬ್ಲೈಂಡ್ಸ್ ಪೂರ್ತಿ ಇಳಿದಾಗ ತಳದ ಪಟ್ಟಿ ಕೆಳಹಲಗೆಯನ್ನು ಆಗಷ್ಟೇ ಮುಟ್ಟುವಂತಿದ್ದರೆ ಅಳತೆ ಸರಿಯಿದೆ.

ದಾರದ ಅಪಾಯ

ನೇತಾಡುವ ದಾರ ಚಿಕ್ಕ ಮಕ್ಕಳ ಕುತ್ತಿಗೆಗೆ ಸುತ್ತಿಕೊಂಡು ಜೀವಹಾನಿಯಾದ ಪ್ರಕರಣಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ಇದೇ ಕಾರಣಕ್ಕೆ ಯುರೋಪಿನಲ್ಲಿ ಇಎನ್ 13120 ಮಾನದಂಡದಲ್ಲಿ ಮಕ್ಕಳ ಸುರಕ್ಷತೆಯ ನಿಯಮಗಳಿವೆ. ಅಮೆರಿಕದ ಉದ್ಯಮ ಮಾನದಂಡ 2018ರ ಡಿಸೆಂಬರಿನಿಂದ, ಸಿದ್ಧ ಅಳತೆಯಲ್ಲಿ ಮಾರುವ ಬ್ಲೈಂಡ್ಸ್ ದಾರರಹಿತವಾಗಿರಬೇಕು, ಇಲ್ಲವೇ ದಾರ ಕೈಗೆ ಸಿಗದಂತೆ ಅಥವಾ ತೀರ ಚಿಕ್ಕದಾಗಿರಬೇಕು ಎಂದು ವಿಧಿಸಿತು. ಮಕ್ಕಳಿರುವ ಅಥವಾ ಮಕ್ಕಳು ಬಂದುಹೋಗುವ ಮನೆಯಲ್ಲಿ ದಾರರಹಿತ ಬಗೆಯನ್ನೇ ಆರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಈಗಾಗಲೇ ದಾರವಿರುವ ಬ್ಲೈಂಡ್ಸ್ ಇದ್ದಲ್ಲಿ, ಎತ್ತುವ ದಾರದ ತುದಿಗಳನ್ನು ಒಂದಕ್ಕೊಂದು ಗಂಟು ಹಾಕಿ ಕುಣಿಕೆ ಮಾಡಬಾರದು. ದಾರ ಸುತ್ತುವ ಕೊಂಡಿಯನ್ನು ನೆಲದಿಂದ ಕನಿಷ್ಠ 1.5 ಮೀಟರ್ ಎತ್ತರದಲ್ಲಿ ಗೋಡೆಗೆ ಬಿಗಿದು, ಪ್ರತಿ ಸಲ ಎತ್ತಿದ ಮೇಲೂ ಇಳಿಸಿದ ಮೇಲೂ ಉಳಿದ ದಾರವನ್ನು ಪೂರ್ತಿಯಾಗಿ ಅದಕ್ಕೆ ಸುತ್ತಬೇಕು. ತೊಟ್ಟಿಲು, ಮಂಚ, ಸೋಫಾ ಮುಂತಾಗಿ ಮಗು ಹತ್ತಬಹುದಾದ ಯಾವುದನ್ನೂ ಆ ಕಿಟಕಿಯ ಕೆಳಗೆ ಇಡಬಾರದು.