ಔಷಧಿ ಹೊಟ್ಟೆಗೆ ಹೋದರೆ ಉಪ್ಪುನೀರು ಕುಡಿಸಬಹುದಾ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ತೋಟಕ್ಕೆ ತಂದಿಟ್ಟ ಔಷಧಿಯನ್ನ ಮನೇಲಿ ಯಾರಾದ್ರೂ ಗೊತ್ತಿಲ್ಲದೆ ಕುಡಿದುಬಿಟ್ಟರೆ, ಮೊದಲು ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು ಒಳ್ಳೇದಲ್ವಾ?"

ಬೇಡ. ಸೋಪಿನ ನೀರೂ ಬೇಡ, ಗಂಟಲಿಗೆ ಬೆರಳು ಹಾಕೋದೂ ಬೇಡ. ಶುಂಠಿ, ಭತ್ತಕ್ಕೆ ಹೊಡೆಯುವ ಎಷ್ಟೋ ಕೀಟನಾಶಕಗಳನ್ನು ಸೀಮೆಎಣ್ಣೆಯಂಥ ದ್ರಾವಕದಲ್ಲಿ ಕಲಸಿರುತ್ತಾರೆ. ವಾಂತಿ ಮಾಡುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಕಥೆ ಇನ್ನೂ ಕೆಡುತ್ತದೆ. ಅಡಿಕೆಯ ಕೊಳೆರೋಗಕ್ಕೆಂದು ತಂದ ಮೈಲುತುತ್ತವಂತೂ ಇಳಿಯುವಾಗಲೂ ಸುಡುತ್ತದೆ, ಮೇಲೆ ಬರುವಾಗಲೂ ಸುಡುತ್ತದೆ. ಉಪ್ಪು ಜಾಸ್ತಿಯಾದರೆ ಅದೇ ಮಿದುಳಿಗೆ ಕುತ್ತು.

108ಕ್ಕೆ ಫೋನ್ ಮಾಡಿ. ಸಿಗ್ನಲ್ ಇಲ್ಲದ ಊರಾದರೆ ಸಿಕ್ಕಿದ ಗಾಡಿಯಲ್ಲೇ ಹೊರಡಿ. ಎಡಮಗ್ಗುಲಿಗೆ ಮಲಗಿಸಿ, ಔಷಧಿ ತಾಗಿದ ಬಟ್ಟೆ ತೆಗೆದು ಮೈ ತೊಳೆಯಿರಿ. ಬಾಟಲಿ ಜೊತೆಗಿರಲಿ. ಸುಮ್ನೆ "ಕಳೆ ಔಷಧಿ" ಅಂದರೆ ಡಾಕ್ಟರಿಗೆ ಸಾಲದು, ಲೇಬಲ್ಲಿನ ಹೆಸರು ಬೇಕು. ನೇರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಹೋಗೋಣ ಅಂತ ದಾರಿಯ ತಾಲ್ಲೂಕು ಆಸ್ಪತ್ರೆ ದಾಟಿ ಹೋಗಬೇಡಿ. ಚಿಕಿತ್ಸೆ ಅಲ್ಲೇ ಶುರುವಾಗಲಿ.

ಆಮೇಲೆ ಮನೆಯವರನ್ನು ಹೆದರಿಸುವುದು ಇಂಜೆಕ್ಷನ್ನುಗಳ ರಾಶಿ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹೊಟ್ಟೆಗೆ ಹೋದರೆ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಎದೆಯಲ್ಲಿ ಗೊರಗೊರ ಕಫ. ಇದಕ್ಕೆ ಮದ್ದು ಅಟ್ರೋಪಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಆಂಪೂಲಿನಲ್ಲಿ (ಇಂಜೆಕ್ಷನ್ನಿನ ಪುಟ್ಟ ಗಾಜಿನ ಸೀಸೆ) ಇರುವುದು 0.6 ಮಿಲಿಗ್ರಾಂ ಮಾತ್ರ. ಮೊದಲ ಸಲವೇ ಮೂರು, ಐದು ಒಡೆಯಬೇಕಾಗುತ್ತದೆ. ಐದು ನಿಮಿಷ ಬಿಟ್ಟು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಕಫ ಒಣಗಿಲ್ಲವಾ, ಡೋಸು ಎರಡರಷ್ಟು. ಹೀಗೆ ಎದೆ ಒಣಗುವವರೆಗೂ ಏರಿಸುತ್ತಾ ಹೋಗುತ್ತಾರೆ. ಡೋಸು ಮೀರಿದರೆ ರೋಗಿ ಬಡಬಡಿಸುತ್ತಾರೆ, ಹಾಸಿಗೆ ಕಿತ್ತು ಏಳುತ್ತಾರೆ. ಆಗ ಡೋಸು ಇಳಿಸುತ್ತಾರೆ. ಈ ಲೆಕ್ಕ ಹಾಳೆಯಲ್ಲಿ ಗಂಟೆಗಂಟೆಗೂ ಬೀಳಬೇಕು, ಅದರಲ್ಲಿ ಆಲಸ್ಯ ನಡೆಯಲ್ಲ.

ಕಣ್ಣು ಬಿಟ್ಟು ಮಾತಾಡಿದ ಕೂಡಲೇ "ಮನೆಗೆ ಕರ್ಕೊಂಡು ಹೋಗ್ತೀವಿ" ಅಂತ ಹಟ ಹಿಡಿಯುವುದಿದೆಯಲ್ಲ, ನನಗೆ ಭಯ ಅದರದ್ದೇ. ಇಂಥ ಕೀಟನಾಶಕ ಹೊಟ್ಟೆಗೆ ಹೋದ ಒಂದರಿಂದ ನಾಲ್ಕು ದಿನದ ನಡುವೆ ಕತ್ತಿನ, ಉಸಿರಾಟದ ಸ್ನಾಯುಗಳು ಸೋತು ವೆಂಟಿಲೇಟರ್ ಬೇಕಾಗಬಹುದು. ದಿಂಬಿನಿಂದ ತಲೆ ಎತ್ತೋಕೆ ಆಗ್ತಿಲ್ಲ ಅಂದರೆ ತಕ್ಷಣ ನರ್ಸಿಗೆ ಹೇಳಿ. ಪ್ಯಾರಾಕ್ವಾಟ್ ಕಳೆನಾಶಕವಾದರೆ ಮೊದಲ ದಿನ ಬರೀ ಬಾಯಿ ಉರಿ ಅನ್ನಬಹುದು, ಶ್ವಾಸಕೋಶ ಕೆಡುವುದು ಆಮೇಲೆ. ಚೆನ್ನಾಗೇ ಇದ್ದಾರೆ ಅನ್ನಿಸಿದರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.