ಖಾಲಿ ಟ್ಯಾಂಕರ್ ಖಾಲಿಯಲ್ಲ

ಮಂಗಳೂರಿನಿಂದ ಹಾಸನದ ಮೇಲೆ ಹಾದು ಬರುವ ತೈಲ ಪೈಪ್‌ಲೈನ್ ಕೊನೆಗೊಳ್ಳುವುದು ಹೊಸಕೋಟೆ ಬಳಿಯ ದೇವನಗುಂದಿಯಲ್ಲಿ. ಬೆಂಗಳೂರಿನ ಬಂಕುಗಳಿಗೆ ಪೆಟ್ರೋಲ್ ಹೊರುವ ಎಷ್ಟೋ ಟ್ಯಾಂಕರ್‌ಗಳು ಹೊರಡುವುದು ಅಲ್ಲಿಂದಲೇ. ಆ ದಾರಿಯ ಗ್ಯಾರೇಜೊಂದರಲ್ಲಿ ಟ್ಯಾಂಕರಿನ ಹೊಟ್ಟೆಗೆ ವೆಲ್ಡಿಂಗ್ ಹಚ್ಚಲು ಹೊರಟಿದ್ದ ಹುಡುಗನನ್ನು ತಡೆದೆ. "ಖಾಲಿ ಗಾಡಿ ಸಾರ್, ಬೆಳಿಗ್ಗೆನೇ ತೊಳ್ದಿದೀವಿ" ಎಂದ. ಬಂಪರಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ಒಳಗೆ ಎಷ್ಟು ಆವಿ ಇದೆಯೆಂದು ಅಳೆಯುವ ಗ್ಯಾಸ್ ಮೀಟರ್ ಇರಲಿಲ್ಲ.

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯ ಎಂದರೆ ಜನ ನಂಬುವುದಿಲ್ಲ. ಉರಿಯುವುದು ಪೆಟ್ರೋಲಲ್ಲ, ಅದರ ಆವಿ. ಅದೂ ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರಷ್ಟಿದ್ದಾಗ ಮಾತ್ರ. ಹಳೇ ಸ್ಕೂಟರ್ ಓವರ್‌ಫ್ಲೋ ಆದರೆ ಎಷ್ಟು ಒದ್ದರೂ ಸ್ಟಾರ್ಟ್ ಆಗುತ್ತಿರಲಿಲ್ಲ, ನೆನಪಿದೆಯೇ? ಒಲೆಗೆ ಸೌದೆ ತುರುಕಿದರೆ ಬರೀ ಹೊಗೆ. ತುಂಬಿದ ಟ್ಯಾಂಕಿನೊಳಗೂ ಇದೇ ಕಥೆ: ಆವಿ ದಟ್ಟ, ಗಾಳಿ ಸಾಲದು. ಬರಿದು ಮಾಡಿ ಮುಚ್ಚಳ ತೆರೆದರೆ ಗಾಳಿ ಒಳನುಗ್ಗಿ ಮಿಶ್ರಣ ಹದಕ್ಕೆ ಬರುತ್ತದೆ. ಲೆಕ್ಕ ಹಾಕಿ ನೋಡಿ. 200 ಲೀಟರಿನ ಡ್ರಮ್ಮಿಗೆ ಶೇ 1.4 ಎಂದರೆ 2.8 ಲೀಟರ್ ಆವಿ. ಒಂದು ಮಿಲಿಲೀಟರ್ ಪೆಟ್ರೋಲಿನಿಂದ ಸುಮಾರು 0.2 ಲೀಟರ್ ಆವಿ ಏಳುತ್ತದೆ. ಅಂದರೆ 14 ಮಿಲಿಲೀಟರ್ ಸಾಕು, ಸಾರಿನ ಸೌಟಿನ ತಳದಲ್ಲಿ ಉಳಿಯುವಷ್ಟು! ತುಕ್ಕಿನ ಪದರದೊಳಗೆ ಅಷ್ಟು ಅಡಗಿರುವುದು ದೊಡ್ಡ ಮಾತೇನಲ್ಲ.

ಮೂಗನ್ನು ನಂಬುವವರೂ ಇದ್ದಾರೆ. ಕಚ್ಚಾ ತೈಲದ ಜೊತೆ ಬರುವ ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ನಾತ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು 100 ಭಾಗ ಮುಟ್ಟುವ ಹೊತ್ತಿಗೆ ಮೂಗೇ ಮರಗಟ್ಟುತ್ತದೆ. ನಾತ ಹೋಯಿತೆಂದು ಟ್ಯಾಂಕಿನೊಳಗೆ ಇಳಿದವನು ಸಾವಿನ ಬಾಯಿಗೇ ಇಳಿದಂತೆ.

1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲು ಗಣಿ ಸ್ಫೋಟಿಸಿ 92 ಜನ ಸತ್ತರು. 1815ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ, ಗಣಿಯ ಅನಿಲಕ್ಕೆ ಬೆಂಕಿ ಹರಡದಂತೆ, ದೀಪದ ಜ್ವಾಲೆಗೆ ತಂತಿಬಲೆಯ ಕವಚ ತೊಡಿಸಿದ. ನನಗೆ ಬೆರಗು ಬಲೆಯದ್ದಲ್ಲ, ಜ್ವಾಲೆಯದ್ದು: ಗಣಿಯಲ್ಲಿ ಉರಿಯುವ ಅನಿಲ ಮೀಥೇನ್ ಇದ್ದರೆ ಅದು ಉದ್ದವಾಗುತ್ತಿತ್ತು, ಆಮ್ಲಜನಕ ಕಡಿಮೆಯಾದರೆ ಕುಗ್ಗುತ್ತಿತ್ತು. ಒಂದೇ ದೀಪದಲ್ಲಿ ಎರಡು ಮೀಟರ್! ಇಂದು ಬಳಕೆಯಲ್ಲಿರುವ ಎಷ್ಟೋ ಮೀಟರ್‌ಗಳೂ ಕಾದ ಪುಟ್ಟ ಮಣಿಯೊಂದರ ಮೇಲೆ ಅನಿಲವನ್ನು ಉರಿಸಿಯೇ ಅಳೆಯುತ್ತವೆ. ಆಮ್ಲಜನಕ ಸಾಲದಿದ್ದರೆ ಮಣಿಯೂ ಉರಿಸಲಾರದು, ಮೀಟರ್ ಸುಳ್ಳು ಹೇಳುತ್ತದೆ. ಅದಕ್ಕೇ ಮೊದಲು ಆಮ್ಲಜನಕ ನೋಡಬೇಕು, ಆಮೇಲೆ ಉರಿಯುವ ಅನಿಲ, ಆಮೇಲೆ ವಿಷಾನಿಲ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ 20.9, 19.5ಕ್ಕಿಂತ ಇಳಿದಿದ್ದರೆ ಒಳಗೆ ಕಾಲಿಡುವಂತಿಲ್ಲ.

ಪೆಟ್ರೋಲ್ ಹೊತ್ತಿದ್ದ ಟ್ಯಾಂಕಿಗೆ ಬೆಸುಗೆ ಹಾಕುವ ಮುನ್ನ ಅನಿಲಮುಕ್ತ ಎಂಬ ಲಿಖಿತ ಪ್ರಮಾಣಪತ್ರ ಬೇಕೆಂದು 2002ರ ಪೆಟ್ರೋಲಿಯಂ ನಿಯಮಗಳೇ ಹೇಳುತ್ತವೆ. ಆದರೆ ಹನ್ನೊಂದು ಗಂಟೆಗೆ ಶೂನ್ಯ ತೋರಿಸಿದ ಮೀಟರ್ ಊಟ ಮುಗಿಸಿ ಬರುವಷ್ಟರಲ್ಲಿ ಬೇರೆಯೇ ಹೇಳಬಹುದು. ಬಿಸಿಲಿಗೆ ತಗಡು ಕಾದು, ತುಕ್ಕಿನ ಸಂದಿಯ ಪೆಟ್ರೋಲ್ ಮತ್ತೆ ಆವಿಯಾಗಿರುತ್ತದೆ. ಗಾಳಿಗಿಂತ ಭಾರವಾದ ಆ ಆವಿ ತಳದಲ್ಲೇ ಕೂರುತ್ತದೆ. ಟ್ಯಾಂಕಿನ ಬಾಯಿಯ ಹತ್ತಿರ ಮೀಟರ್ ಹಿಡಿದು ಸುಮ್ಮನಾಗದೆ, ಮೀಟರಿನ ಕೊಳವೆಯನ್ನು ತಳದವರೆಗೂ ಇಳಿಸಿ ಮತ್ತೆ ಅಳೆಯಬೇಕು.