ಬಾಣ ಯಾವುದು, ಧೂಳು ಯಾವುದು?

ಹೋದ ತಿಂಗಳು ಪಕ್ಕದ ಬೀದಿಯ ಅಂಕಲ್ ಒಬ್ಬರು ಫೋನ್ ಮಾಡಿದರು. 65 ಇಂಚಿನ ಹೊಸ ಟಿವಿ ತಂದಿದ್ದರು. ಜೊತೆಗೆ ಮಗ ಅಮೆರಿಕದಿಂದ ತಂದುಕೊಟ್ಟ 4ಕೆ ಡಿಸ್ಕು, ಹಳೇ ಸಾಹಸ ಚಿತ್ರದ್ದು. ಕಾಲೇಜಿಗೆ ಚಕ್ಕರ್ ಹೊಡೆದು ಎಂ.ಜಿ. ರಸ್ತೆಯ ಪ್ಲಾಜಾ ಥಿಯೇಟರಿನಲ್ಲಿ ನೋಡಿದ್ದರಂತೆ. "ಸ್ವಲ್ಪ ಬಂದು ನೋಡಪ್ಪ, ಮೋಸ ಹೋಗಿದೀವಿ ಅನ್ಸತ್ತೆ. ಆಕಾಶದ ತುಂಬಾ ರವೆ ಚೆಲ್ಲಿದ ಹಾಗಿದೆ" ಅಂದರು.

ಹೋಗಿ ನೋಡಿದೆ. ಡಿಸ್ಕು ಸರಿಯಾಗಿಯೇ ಇತ್ತು. ಅವರು ರವೆ ಅಂದದ್ದು ಗ್ರೇನ್. ಫಿಲ್ಮಿನ ಮೇಲಿನ ಲೇಪದಲ್ಲಿ ಬೆಳ್ಳಿಯ ಸಣ್ಣ ಹರಳುಗಳಿರುತ್ತವೆ. ಕಲರ್ ಫಿಲ್ಮನ್ನು ಲ್ಯಾಬಿನಲ್ಲಿ ತೊಳೆಯುವಾಗ ಬೆಳ್ಳಿ ಹೋಗಿ ಅದರ ಜಾಗದಲ್ಲಿ ಬಣ್ಣದ ಚುಕ್ಕೆ ಉಳಿಯುತ್ತೆ. ಹೀರೋನ ಮೂಗು, ಕುದುರೆಯ ಬಾಲ, ಹಿಂದಿನ ಬೆಟ್ಟ ಎಲ್ಲ ಆಗಿರೋದು ಆ ಚುಕ್ಕೆಗಳಿಂದಲೇ. ರವೆ ಬೇಡ ಅಂದರೆ ಉಪ್ಪಿಟ್ಟೂ ಇಲ್ಲ ಅಂಕಲ್ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ.

ನನ್ನ ಕೆಲಸ ಇದೇ. ಮಲ್ಲೇಶ್ವರದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಗೆಲ್ಲ ಬೂದು ಬಣ್ಣ, ಕಣ್ಣು ಬೇರೆ ಬಣ್ಣಕ್ಕೆ ಮೋಸ ಹೋಗಬಾರದು ಅಂತ. ಅಲ್ಲಿ ಕೂತು ಹಳೇ ಸಿನಿಮಾ ತೊಳೆಯುತ್ತೇನೆ, ಅಂದರೆ ಸ್ಕ್ಯಾನ್ ಮಾಡಿದ ಫಿಲ್ಮಿನ ಧೂಳು, ಗೀರುಗಳನ್ನು ಕಂಪ್ಯೂಟರಿನಲ್ಲಿ ತೆಗೆಯುತ್ತೇನೆ. ಸೆಕೆಂಡಿಗೆ 24 ಫ್ರೇಮಿನಂತೆ ಎರಡು ಗಂಟೆಯ ಸಿನಿಮಾದಲ್ಲಿ 1,72,800 ಫ್ರೇಮುಗಳು. ಅಷ್ಟನ್ನೂ ಕೈಯಲ್ಲಿ ಒರೆಸೋಕೆ ಆಗಲ್ಲ, ಹಾಗಾಗಿ ಮೊದಲ ಸುತ್ತು ಸಾಫ್ಟ್‌ವೇರಿನದು. ಅದು ಧೂಳನ್ನು ಗುರುತಿಸುವ ಸೂತ್ರ ತುಂಬಾ ಸರಳ. ಹಿಂದಿನ ಫ್ರೇಮಿನಲ್ಲಿ ಇಲ್ಲ, ಮುಂದಿನ ಫ್ರೇಮಿನಲ್ಲೂ ಇಲ್ಲ, ನಡುವಿನ ಒಂದರಲ್ಲಿ ಮಾತ್ರ ಇದೆ ಅಂದರೆ ಅದು ಧೂಳು. ಅಳಿಸು.

ಸಂಸಾರದ ಕಥೆಗೆ ಈ ಸೂತ್ರ ಸಾಕು. ಅತ್ತೆ ಸೊಸೆ ಕೂತು ಮಾತಾಡುವಾಗ ಒಂದೇ ಫ್ರೇಮಿನಲ್ಲಿ ಬಂದು ಹೋಗುವಂಥದ್ದು ಏನಿರುತ್ತೆ? ಸಾಹಸ ಚಿತ್ರದಲ್ಲಿ ಹಾಗಲ್ಲ. ಹಾರುವ ಬಾಣ, ಪಂಜಿನ ಕಿಡಿ, ಗೊರಸಿನಿಂದ ಚಿಮ್ಮುವ ಮರಳು, ಹಡಗಿಗೆ ಬಡಿಯುವ ಅಲೆಯ ಹನಿ. ಸಿನಿಮಾದ ಜೀವವೇ ಅಲ್ಲಿ. ಸಾಫ್ಟ್‌ವೇರಿನ ಕಣ್ಣಿಗೆ ಅದೆಲ್ಲ ಕಸ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಎಡವಿದೆ. ಒಂದು ರೀಲನ್ನು ರಾತ್ರಿ ಯಂತ್ರಕ್ಕೆ ಹಚ್ಚಿ ಮನೆಗೆ ಹೋದೆ. ಸೂತ್ರದ ಬಿಗಿ ಸ್ವಲ್ಪ ಜಾಸ್ತಿ ಇಟ್ಟಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಚಿತ್ರ ಕನ್ನಡಿಯ ಹಾಗೆ ಫಳಫಳ. ನನಗೋ ಹೆಮ್ಮೆ. ನಮ್ಮ ಹಿರಿಯರು ಬಂದು ಒಂದೊಂದೇ ಫ್ರೇಮ್ ತಳ್ಳುತ್ತಾ ಹೋದರು. ಬಿಲ್ಲಿನಿಂದ ಬಾಣ ಹೊರಟಿತು. ಆಮೇಲಿನ ನಾಲ್ಕು ಫ್ರೇಮಿನಲ್ಲಿ ಬಾಣವೇ ಇಲ್ಲ. ಐದನೆಯದರಲ್ಲಿ ಕಾವಲುಗಾರ ಎದೆ ಹಿಡಿದುಕೊಂಡು ಬಿದ್ದ. "ಏನಪ್ಪಾ, ಹಾರ್ಟ್ ಅಟ್ಯಾಕಾ?" ಅಂದರು. ಆ ರೀಲಿಗೆ ಮತ್ತೆ ಒಂಬತ್ತು ದಿನ ಕೂತೆ. ಈಗ ಇಂಥ ದೃಶ್ಯ ಬಂದರೆ ಯಂತ್ರವನ್ನು ಪೂರ್ತಿ ಆಫ್ ಮಾಡುತ್ತೇನೆ. ಮೌಸ್ ಹಿಡಿದು, ಇದು ಮರಳು ಇದು ಧೂಳು ಅಂತ ಒಂದೊಂದನ್ನೇ ಆರಿಸುವುದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಗೀರುಗಳ ಕಥೆ ಬೇರೆ. ಗೀರು ಬಿದ್ದ ಗಾಜಿಗೆ ನೀರು ಹಚ್ಚಿದರೆ ಗೀರು ಕಾಣಲ್ಲ, ಅಲ್ವಾ? ಫಿಲ್ಮನ್ನು ಒಂದು ದ್ರವದಲ್ಲಿ ಮುಳುಗಿಸಿಯೇ ಸ್ಕ್ಯಾನ್ ಮಾಡುವ ಪದ್ಧತಿ ಇದೆ. ಫಿಲ್ಮಿನ ಬೆನ್ನಿನ, ಅಂದರೆ ಲೇಪವಿಲ್ಲದ, ಕಡೆಯ ಗೀರು ಅಲ್ಲೇ ಮಾಯ. ಚಿತ್ರವಿರುವ ಲೇಪವೇ ಹರಿದಿದ್ದರೆ ಮಾತ್ರ ಇದರಿಂದ ಏನೂ ಆಗಲ್ಲ. 'ಲಾರೆನ್ಸ್ ಆಫ್ ಅರೇಬಿಯಾ' (1962) ಚಿತ್ರಕ್ಕೆ ಆದದ್ದು ಅದೇ. 65 ಮಿಲಿಮೀಟರ್ ಅಗಲದ ಆ ನೆಗೆಟಿವನ್ನು (ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮು) 2012ರ ಆವೃತ್ತಿಗಾಗಿ 8ಕೆ ಅಳತೆಯಲ್ಲಿ ಸ್ಕ್ಯಾನ್ ಮಾಡಿದಾಗ ಲೇಪದ ಮೇಲೆ ಕೂದಲೆಳೆಯಂಥ ಬಿರುಕುಗಳು ಎದ್ದು ಕಂಡವು. ಮರುಭೂಮಿಯ ಬಿಸಿಲಿನ ಕಾಣಿಕೆ. ಅದನ್ನು ಅಳಿಸಬೇಕು, ಆದರೆ ಅದೇ ಫ್ರೇಮಿನಲ್ಲಿ ಹಾರುತ್ತಿರುವ ಮರಳು ಉಳಿಯಬೇಕು. ನೆನೆಸಿಕೊಂಡರೇ ನನ್ನ ಕಣ್ಣು ಉರಿಯುತ್ತೆ.

ಇನ್ನು ಗ್ರೇನನ್ನೇ ಒರೆಸಿ ಹಾಕುವವರಿದ್ದಾರೆ. 'ಪ್ರೆಡೇಟರ್' ಚಿತ್ರದ 2010ರ ಬ್ಲೂರೇ ಇದಕ್ಕೆ ಕುಖ್ಯಾತ. ಕಾಡಿನಲ್ಲಿ ಬೆವರಿ, ಕೆಸರು ಮೆತ್ತಿಕೊಂಡ ಸೈನಿಕರ ಮುಖ ಅರಗು ಬಳಿದ ಚನ್ನಪಟ್ಟಣದ ಗೊಂಬೆಯ ಹಾಗೆ ನುಣ್ಣಗೆ. ಬೊಂಬೆಗೆ ಅದು ಚೆಂದ. ಈಚೆಗೆ ಎಐ ಬಂದ ಮೇಲೆ ಇನ್ನೊಂದು ಹೊಸ ಕಾಟ. ಇಲ್ಲದ ರೆಪ್ಪೆಗೂದಲು, ಇಲ್ಲದ ಸುಕ್ಕನ್ನು ಅದು ತಾನೇ ಬರೆದು ಸೇರಿಸುತ್ತೆ. ನನಗಂತೂ ಇದು ತೊಳೆಯೋ ಕೆಲಸ ಅನ್ನಿಸಲ್ಲ.

ತಪ್ಪು ಕಂಡರೆ ಸರಿಮಾಡಬಹುದಾ ಅನ್ನೋದು ನಮ್ಮಲ್ಲಿ ಮುಗಿಯದ ಜಗಳ. 'ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್' (1981) ಚಿತ್ರದಲ್ಲಿ ನಾಯಕನಿಗೂ ನಾಗರಹಾವಿಗೂ ನಡುವೆ ಗಾಜು ಇಟ್ಟಿದ್ದರು. ಅದರಲ್ಲಿ ಹಾವಿನ ಪ್ರತಿಬಿಂಬ ಕಾಣುತ್ತಿತ್ತು. ಡಿವಿಡಿಗೆ ಬರುವಾಗ ಅಳಿಸಿದರು. ಕಥೆಗೆ ತೊಂದರೆ ಇಲ್ಲ ನಿಜ. ನಾನಾಗಿದ್ದರೆ ಬಿಡುತ್ತಿದ್ದೆ. ರಾತ್ರಿಯ ದೃಶ್ಯದ ವಿಷಯ ಇದಕ್ಕೆ ಉಲ್ಟಾ, ಅಲ್ಲಿ ಕೈ ಹಾಕಲೇಬೇಕು. ಆಗೆಲ್ಲ ಎಷ್ಟೋ ಸಲ ಹಗಲಲ್ಲೇ ಶೂಟ್ ಮಾಡಿ, ಪ್ರಿಂಟ್ ಹಾಕುವಾಗ ಕತ್ತಲು ಮಾಡುತ್ತಿದ್ದರು. ನೆಗೆಟಿವ್ ನೋಡಿದವನಿಗೆ ಅದು ಗೊತ್ತಿಲ್ಲದಿದ್ದರೆ ಮುಗೀತು, ನಾಯಕ ಉರಿಬಿಸಿಲಲ್ಲಿ ಲಾಟೀನು ಹಿಡಿದು ನಡೆಯುತ್ತಾನೆ.

ಸೌಂಡಿನ ಕಡೆಗೆ ಬರೋಣ. ಹಳೇ ಪ್ರಿಂಟಿನಲ್ಲಿ ಧ್ವನಿ ಅನ್ನೋದು ಚಿತ್ರದ ಪಕ್ಕದ ಒಂದು ಸಣ್ಣ ಪಟ್ಟಿ. ಬೆಳಕು ಅದರ ಮೂಲಕ ಹಾದು ಸದ್ದಾಗುತ್ತೆ. ಅಲ್ಲಿ ಕೂತ ಧೂಳು ಚಟಪಟ ಅನ್ನುತ್ತೆ. ಅದನ್ನು ತೆಗೆಯೋದು ಕಷ್ಟವಲ್ಲ. ಕಷ್ಟ ಇರೋದು ಹಿಸ್, ಅಂದರೆ ಹಿಂದೆ ಸದಾ ಕೇಳುವ 'ಸ್ಸ್' ಸದ್ದು, ತೆಗೆಯುವುದರಲ್ಲಿ. ಹಿಸ್ಸೂ ಕತ್ತಿಯ ಝೇಂಕಾರವೂ ಮೇಲಿನ ಸ್ವರದಲ್ಲೇ ಇರುತ್ತವೆ. ಆಸೆಗೆ ಬಿದ್ದು ಒಂದು ಹಿಡಿ ಜಾಸ್ತಿ ತೆಗೆದಿರೋ, 'ಠಣ್' ಅನ್ನೋದು 'ಟಕ್' ಆಗುತ್ತೆ, ಮಾತು ಬಿಂದಿಗೆಯೊಳಗಿಂದ ಬಂದ ಹಾಗಾಗುತ್ತೆ. ಇನ್ನೊಂದು ಸಂಗತಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆ ಕಾಲದ ಥಿಯೇಟರಿನಲ್ಲಿ ಸ್ಪೀಕರಿಗೆ ಹೋಗುವ ಮೊದಲೇ ಮೇಲಿನ ಸದ್ದನ್ನು ತಗ್ಗಿಸುತ್ತಿದ್ದರು. ಅದು ಗೊತ್ತಿದ್ದೇ ಮಿಕ್ಸ್ ಮಾಡುವವರು ಸ್ವಲ್ಪ ಹರಿತವಾಗಿ ಮಾಡುತ್ತಿದ್ದರು. ಆ ಟ್ರ್ಯಾಕನ್ನು ಹಾಗೇ ತಂದು ಮನೆಯ ಸ್ಪೀಕರಿಗೆ ಕೊಟ್ಟರೆ ಕಿವಿ ಚುಚ್ಚುತ್ತೆ. ಆ ತಗ್ಗಿಸುವ ಕೆಲಸವನ್ನು ಈಗ ನಾವು ಇಲ್ಲೇ ಮಾಡಿ ಕಳಿಸಬೇಕು.

ಸದ್ದೇ ಇಲ್ಲದಿದ್ದರೆ? 'ಲಾರೆನ್ಸ್' ಚಿತ್ರವನ್ನು 1989ರಲ್ಲಿ ಮೊದಲ ಸಲ ಜೀರ್ಣೋದ್ಧಾರ ಮಾಡಿದಾಗ ಕತ್ತರಿಸಿ ಎಸೆದಿದ್ದ ದೃಶ್ಯಗಳು ಸಿಕ್ಕವು, ಮಾತು ಸಿಗಲಿಲ್ಲ. ಕಾಲು ಶತಮಾನದ ಮೇಲೆ ನಾಯಕನಟ ಪೀಟರ್ ಒ'ಟೂಲ್ ಬಂದು ತನ್ನದೇ ಎಳೆ ಮುಖಕ್ಕೆ ಡಬ್ ಮಾಡಿದರು. ಚಿತ್ರದ ಇನ್ನೊಬ್ಬ ನಟ ಜಾಕ್ ಹಾಕಿನ್ಸ್ ತೀರಿಕೊಂಡಿದ್ದರು. ಅವರ ಪಾತ್ರಕ್ಕೆ ದನಿಯನ್ನು ನಟ ಚಾರ್ಲ್ಸ್ ಗ್ರೇ ಕೊಟ್ಟರು.

ಇತ್ತ ಅಂಕಲ್ ಮನೆಯಲ್ಲಿ ನಾನು ಮಾಡಿದ್ದು ಇಷ್ಟೇ. ಟಿವಿ 'ವಿವಿಡ್'ನಲ್ಲಿತ್ತು, 'ಫಿಲ್ಮ್‌ಮೇಕರ್ ಮೋಡ್'ಗೆ ಹಾಕಿದೆ. ಚಿತ್ರವನ್ನು ಸೀರಿಯಲ್ ಥರ ಜಾರಿಸುವ ಮೋಷನ್ ಸೆಟ್ಟಿಂಗು, ಅಂಚುಗಳನ್ನು ಕೆರೆಯುವ ಶಾರ್ಪ್‌ನೆಸ್ಸು, ಎರಡನ್ನೂ ಇಳಿಸಿದೆ. ಆಡಿಯೋ ಮೆನುವಿನಲ್ಲಿ ಹೊಸ ಗುಂಡಿನ ಸದ್ದು ಸೇರಿಸಿದ್ದ ಸರೌಂಡ್ ಬಿಟ್ಟು ಒಂದೇ ಟ್ರ್ಯಾಕಿನ ಮೂಲ ಮೋನೋ ಆರಿಸಿದೆ. ಅರ್ಧ ಗಂಟೆ ಇಬ್ಬರೂ ಮಾತಾಡದೆ ನೋಡಿದೆವು. ರವೆಯ ಮಾತು ಮತ್ತೆ ಬರಲಿಲ್ಲ. "ಡಿವಿಡಿಯಲ್ಲಿ ಇವರೆಲ್ಲ ಗಡಿಬಿಡಿಯಲ್ಲಿ ಮಾತಾಡ್ತಿದ್ರಲ್ಲೋ" ಅಂದರು. ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ನಮ್ಮ ದೇಶದ ಟಿವಿಯ 'ಪಾಲ್' ಪದ್ಧತಿಗೆ ಮಾಡಿದ ಡಿವಿಡಿಯಲ್ಲಿ ಸೆಕೆಂಡಿಗೆ 24ರ ಬದಲು 25 ಫ್ರೇಮ್ ಓಡುತ್ತಿತ್ತು. ಎರಡು ಗಂಟೆಯ ಸಿನಿಮಾ ಐದು ನಿಮಿಷ ಮೊದಲೇ ಮುಗಿಯುತ್ತಿತ್ತು.

ಹೊರಡುವಾಗ ಬೀರುವಿನಿಂದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಕೊಂಡಿದ್ದ ಒಂದು ವಿಸಿಡಿ ತೆಗೆದರು. 'ಗೋವಾದಲ್ಲಿ ಸಿ.ಐ.ಡಿ. 999.' ಅಣ್ಣಾವ್ರ 1968ರ ಚಿತ್ರ. "ಇದನ್ನೂ ಆ ಥರ ಮಾಡಿಕೊಡು, ಖರ್ಚು ನಾನು ಕೊಡ್ತೀನಿ."

ವಿಸಿಡಿಯ ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ. ಒಟ್ಟು ಒಂದು ಲಕ್ಷ. ಅವರ ಹೊಸ ಟಿವಿಯಲ್ಲಿ 83 ಲಕ್ಷ. ಉಳಿದ 82 ಲಕ್ಷವನ್ನು ನಾನು ಎಲ್ಲಿಂದ ತರಲಿ? ಕಾಸರವಳ್ಳಿಯವರ 'ಘಟಶ್ರಾದ್ಧ' ಹೊಸದಾಗಿ ತಯಾರಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅದರ ಮೂಲ ನೆಗೆಟಿವ್ ಪುಣೆಯ ಫಿಲ್ಮ್ ಭಂಡಾರದಲ್ಲಿ ಉಳಿದಿತ್ತು, ಅದಕ್ಕೇ ಆಯಿತು. ನೆಗೆಟಿವ್ ಬೇಕು ಅಂಕಲ್, ಡಿಸ್ಕಲ್ಲ ಅಂದೆ.

"ಅದೆಲ್ಲಿ ಸಿಗುತ್ತೆ? ಗಾಂಧಿನಗರದಲ್ಲಿ ಕೇಳ್ಲಾ?" ಅಂದರು.